ಬೇರೆ ಒಲೆ

ಶಶಿರೇಖಾ ಮುದ್ದೆ ಕಟ್ಟಿ ಮಾವನ ತಟ್ಟೆಗೆ ಇಡುವುದಕ್ಕೂ ನಾಗಯ್ಯ ಮೇಷ್ಟ್ರು ಆ ಮಾತು ಹೇಳುವುದಕ್ಕೂ ಸರಿಹೋಯಿತು.

‘ನಿನ್ನ ವಿಷಯ ಬಂದಾಗ ನಾನು ಮೀಟಿಂಗಿಂದ ಎದ್ದು ಆಚೆ ಬತ್ತೀನಿ ಕಣಮ್ಮ. ನಿಯಮ ಅದೆ.’

ಅವಳು ಆಗಲಿ ಮಾವ ಎಂದು ಉಪ್ಸಾರು ಬಡಿಸಿದಳು. ಅವಳ ಗಂಡ ಕೆಂಪರಾಜು ಮಾತ್ರ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿಬಿಟ್ಟ. ಗೆಜ್ಜಲಗೆರೆಯ ಫ್ಯಾಕ್ಟರಿಯಲ್ಲಿ ಬೆಳಗಿನ ಪಾಳಿ ಮುಗಿಸಿ, ಬಿಸಿಲಲ್ಲಿ ಬೈಕು ಓಡಿಸಿಕೊಂಡು ಬಂದು, ಆಗಷ್ಟೇ ಕೈತೊಳೆದು ಅಪ್ಪನ ಪಕ್ಕ ಕೂತಿದ್ದ.

‘ಆಚೆ ಬಂದು ಏನ್ ಮಾಡ್ತೀಯಪ್ಪ? ಬೇವಿನ ಮರದ ಎಲೆ ಎಣುಸ್ತೀಯ?’

‘ಉಣ್ಣೋವಾಗ ಬ್ಯಾಡ ಕಣ್ಲಾ’ ಎಂದಳು ತಾಯಿ ಪಟ್ಟಲಮ್ಮ.

‘ಇನ್ಯಾವಾಗವ್ವ? ಏಳು ವರ್ಷ ಅವ್ಳು ಆ ಸ್ಕೂಲಿಗೆ ಮಣ್ಣು ಹೊತ್ತವ್ಳೆ. ಊರೋರೆಲ್ಲ ಅವ್ಳಿಗೆ ಆಗ್ಲಿ ಅಂತಾರೆ. ಮನೇಲಿರೋ ಒಂದು ವೋಟು ಮಾತ್ರ ಆಚೆ ಓಯ್ತದಂತೆ.’

ಮದ್ದೂರು–ಮಳವಳ್ಳಿ ರಸ್ತೆಯಿಂದ ಎರಡು ಮೈಲಿ ಒಳಗಿರುವ ಆ ಪ್ರೌಢಶಾಲೆಗೆ ಜನ ಇಟ್ಟ ಹೆಸರು ಒಂದಿನದ ಕೂಲಿ ಶಾಲೆ. ನಲವತ್ತು ವರ್ಷದ ಹಿಂದೆ ಕೇರಿಯವರೂ ಸುತ್ತಲ ಹಳ್ಳಿಯವರೂ ತಲಾ ಒಂದು ದಿನದ ಕೂಲಿ ಕೊಟ್ಟು ಕಟ್ಟಿಸಿದ್ದು. ಕೂಲಿ ಕೊಟ್ಟವರೆಲ್ಲ ಸಂಘದ ಸದಸ್ಯರು. ಅವರು ಆರಿಸಿದ ಐದು ಜನ ಆಡಳಿತ ಮಂಡಳಿ. ಪ್ರೈಮರಿ ಶಾಲೆಯ ಹೆಡ್‌ಮಾಸ್ತರಾಗಿ ನಿವೃತ್ತರಾಗಿದ್ದ ನಾಗಯ್ಯ ಆ ಐವರಲ್ಲಿ ಒಬ್ಬರು. ಶಶಿರೇಖಾ ಅಲ್ಲಿ ವಿಜ್ಞಾನ ಕಲಿಸುತ್ತಿದ್ದಳು. ಹೆಸರಿಗೆ ಅರೆಕಾಲಿಕ, ಕೆಲಸ ಬೆಳಗಿನಿಂದ ಸಂಜೆವರೆಗೆ. ಈ ವರ್ಷ ಹಿರಿಯ ಮೇಷ್ಟ್ರೊಬ್ಬರು ನಿವೃತ್ತರಾಗಿ ಒಂದು ಕಾಯಂ ಹುದ್ದೆ ತೆರವಾಗಿತ್ತು. ಅರ್ಜಿ ಹಾಕಿದವರಲ್ಲಿ ಕೊನೆಗೆ ಉಳಿದದ್ದು ಇಬ್ಬರು: ಅವಳು, ಮತ್ತು ಹಲಗೂರಿನ ಸುನಿತಾ ಎಂಬ ಹೊಸ ಹುಡುಗಿ. ಹುದ್ದೆ ಬೇರೆಯವರಿಗೆ ಹೋದರೆ ಅರೆಕಾಲಿಕದ ಕೆಲಸವೂ ಇರುವುದಿಲ್ಲ.

ಮಂಡಳಿಯಲ್ಲಿ ಇಬ್ಬರು ಶಶಿರೇಖಾ ಪರ, ಒಬ್ಬ ಸುನಿತಾ ಪರ. ಅಧ್ಯಕ್ಷ ಶಿವಯ್ಯ ಬಾಯಿ ಬಿಟ್ಟಿರಲಿಲ್ಲ. ಆತ ಆ ಕಡೆ ವಾಲಿದರೆ ಎರಡಕ್ಕೆರಡು ಸಮ. ಸಮ ಬಂದರೆ ಅಧ್ಯಕ್ಷರ ಮಾತೇ ಆಖೈರು. ನಾಗಯ್ಯ ಸಭೆಯಲ್ಲಿ ಕೂತರೆ ಮಾತ್ರ ಲೆಕ್ಕ ಬೇರೆ. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಒಂಬತ್ತು ವರ್ಷದ ಮೊಮ್ಮಗಳು ದೀಪಿಕ ಕೂಡ ಬೆರಳು ಮಡಚಿ ಎಣಿಸಿದ್ದಳು.

ಆ ನಿಯಮ ಬರೆದವರು ನಾಗಯ್ಯನವರೇ. ಮೂವತ್ತು ವರ್ಷದ ಹಿಂದೆ ಆಗಿನ ಅಧ್ಯಕ್ಷರು ಮಕ್ಕಳ ಸಮವಸ್ತ್ರದ ಬಟ್ಟೆಯನ್ನು ತಮ್ಮ ಮಗನ ಅಂಗಡಿಯಿಂದಲೇ ತರಿಸಿದ್ದರು. ಎರಡು ಒಗೆತಕ್ಕೆ ಬಟ್ಟೆ ಜಾಳಾಗಿ ದೊಡ್ಡ ಹೆಣ್ಣುಮಕ್ಕಳು ಶಾಲೆಗೆ ಬರಲು ನಾಚಿದರು. ಜನ ರೊಚ್ಚಿಗೆದ್ದು ಒಂದು ಕಟ್ಟುಪಾಡು ಬೇಕೆಂದರು. ನಾಗಯ್ಯ ಮೊದಲು ‘ಸಂಬಂಧಿಕರು’ ಎಂದು ಬರೆದಿದ್ದರು. ಈ ಊರಲ್ಲಿ ಯಾರಿಗೆ ಯಾರು ಸಂಬಂಧಿಕರಲ್ಲ, ಹಾಗಾದರೆ ಸಭೆಯಲ್ಲಿ ಕುರ್ಚಿಗಳಷ್ಟೇ ಉಳಿಯುತ್ತವೆ ಎಂದು ಉಳಿದವರು ನಕ್ಕರು. ಅದನ್ನು ಹೊಡೆದುಹಾಕಿ ದುಂಡನೆಯ ಅಕ್ಷರದಲ್ಲಿ ಹೀಗೆ ಬರೆದರು: ‘ಸದಸ್ಯನ ಒಲೆಯಲ್ಲಿ ಉಣ್ಣುವವರ ವಿಷಯ ಸಭೆಗೆ ಬಂದಾಗ ಆ ಸದಸ್ಯನು ತಾನಾಗಿ ತಿಳಿಸಿ ಎದ್ದು ಹೊರಗೆ ಹೋಗತಕ್ಕದ್ದು.’ ಒಲೆ ಬೇರೆಯಾದರೆ ಮನೆ ಬೇರೆ ಎಂಬುದು ಊರಿನ ರೂಢಿ. ಅಣ್ಣತಮ್ಮಂದಿರು ಪಾಲಾದಾಗ ಹಿರಿಯರು ನೋಡುವುದು ಪತ್ರವನ್ನಲ್ಲ, ಹೊಗೆಯನ್ನು.

ಆ ವಾರದ ಕೊನೆಗೆ ಕೆಂಪರಾಜು ಮದ್ದೂರಿನ ಟೀ ಅಂಗಡಿಯಲ್ಲಿ ಶಿವಯ್ಯನನ್ನು ಕಂಡು ಬಂದ. ಬರುವಾಗಲೇ ಮುಖ ಅರಳಿತ್ತು. ಶಿವಯ್ಯ ಹೇಳಿದ್ದನ್ನು ಅಡುಗೆಮನೆ ಬಾಗಿಲಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಒಪ್ಪಿಸಿದ. ಒಲೆ ಬೇರೆ ಮಾಡಿಕೊಳ್ಳಿ, ಮೂರು ವಾರ ಊರು ನೋಡಲಿ, ಆಮೇಲೆ ಮೇಷ್ಟ್ರು ಧಾರಾಳವಾಗಿ ಕೂರಲಿ, ನನ್ನ ತಕರಾರಿಲ್ಲ ಎಂದಿದ್ದನಂತೆ. ಆತನಿಗೆ ಇದರಿಂದ ಏನು ಬರುತ್ತದೆ ಎಂದು ಶಶಿರೇಖಾ ಕೇಳಿದಳು. ಒಳ್ಳೇತನ ಅನ್ನೋದು ನಿನಗೆ ಕಾಣೋದೇ ಇಲ್ಲ ಎಂದು ಕೆಂಪರಾಜು ಸಿಡುಕಿದ.

ನಾಗಯ್ಯ ಪೇಪರಿನಿಂದ ತಲೆ ಎತ್ತಲಿಲ್ಲ. ‘ಅದು ನಿಯಮಕ್ಕೆ ಕನ್ನ ಹಾಕೋ ಕೆಲಸ. ನಾನು ಮಾಡಕಿಲ್ಲ’ ಎಂದರು.

ಮಾಡಿದವಳು ಪಟ್ಟಲಮ್ಮ.

ಗಂಡ ಟೀಚರ್ ಟ್ರೈನಿಂಗ್ ಮುಗಿಸಲೆಂದು ಕೊತ್ತತ್ತಿಯ ನಾಲೆ ಬಯಲಿನಲ್ಲಿ ಮೂರು ಮಳೆಗಾಲ ನಾಟಿ ಹಾಕಿದವಳು ಅವಳು. ಅದೇ ಕೊತ್ತತ್ತಿಯಿಂದ ಶಶಿರೇಖಾ ಸೊಸೆಯಾಗಿ ಬಂದ ದಿನ ಟ್ರಂಕಿನ ತುಂಬ ಪುಸ್ತಕವಿತ್ತು. ಅಟ್ಟದ ಮೇಲೆ ಅಕ್ಕಿ ಮೂಟೆಯನ್ನು ಪಕ್ಕಕ್ಕೆ ಸರಿಸಿ ಅದಕ್ಕೆ ಜಾಗ ಮಾಡಿಕೊಟ್ಟಿದ್ದಳು. ಓದು ಬಾರದ ಆ ಹೆಂಗಸಿಗೆ ಸೊಸೆ ಕಾಯಂ ಮೇಡಂ ಆಗುವುದು ತನ್ನದೇ ಪರೀಕ್ಷೆ ಪಾಸಾದಂತೆ. ಮೂರನೆಯ ದಿನ ಬೆಳಿಗ್ಗೆ ನೀರು ಕಾಯಿಸುವ ಒಲೆಯ ಮೂರು ಕಲ್ಲುಗಳನ್ನು ಒಂದೊಂದಾಗಿ ಎತ್ತಿ ಹಿತ್ತಿಲ ಶೆಡ್ಡಿಗೆ ಸಾಗಿಸಿದಳು.

‘ಏನ್ ಮಾಡ್ತಿದ್ದೀಯೆ?’ ಎಂದರು ನಾಗಯ್ಯ.

‘ಬೇರೆ ಓಯ್ತಾ ಇವ್ನಿ.’

‘ಯಾರಿಂದ?’

‘ಸೊಸೆಯಿಂದ. ನೀನು ಬತ್ತೀಯೋ ಅಲ್ಲೇ ಇರ್ತೀಯೋ ನೋಡ್ಕೊ. ನಿಂಗಂತೂ ಇಟ್ಟು ತೊಳ್ಸಕ್ಕೆ ಬರಾಕಿಲ್ಲ.’

ಮಧ್ಯಾಹ್ನ ಹಸಿವಾದಾಗ ನಾಗಯ್ಯ ಹಿತ್ತಿಲಿಗೆ ಹೋಗಿ ಮಣೆಯ ಮೇಲೆ ಕೂತರು. ಕನ್ನ ಹಾಕುವುದಿಲ್ಲ ಎಂದಿದ್ದವರು ಬಡಿಸಿದ್ದನ್ನು ತಲೆ ತಗ್ಗಿಸಿ ಉಂಡು, ಕೈತೊಳೆದು, ಒಳಗೆ ಬಂದು ಮಲಗಿದರು. ಒಪ್ಪಿದೆ ಎಂದು ಬಾಯಲ್ಲಿ ಹೇಳಲೇ ಇಲ್ಲ.

ಎರಡು ಒಲೆಯ ಸಂಸಾರ ಎಂದರೆ ಎರಡು ಪಾಲು ಪಾತ್ರೆ, ಎರಡು ಪಾಲು ಮಸಿ. ಮೊದಲೆಲ್ಲ ಬೆಳಿಗ್ಗೆ ಅತ್ತೆ ಹಿಟ್ಟು ತೊಳಸುತ್ತಿದ್ದರೆ ಸೊಸೆ ಸಾರಿಗೆ ಅರೆಯುತ್ತಿದ್ದಳು. ಒಬ್ಬಳು ದೀಪಿಕಳ ಜಡೆ ಹೆಣೆದರೆ ಇನ್ನೊಬ್ಬಳು ಡಬ್ಬಿ ಕಟ್ಟುತ್ತಿದ್ದಳು. ಈಗ ಶಶಿರೇಖಾ ಐದಕ್ಕೇ ಎದ್ದರೂ ಪ್ರಾರ್ಥನೆಯ ಗಂಟೆಗೆ ಓಡುತ್ತಲೇ ಹೋಗಬೇಕಾಯಿತು. ಒಂದು ದಿನ ಕೈಗೆ ಅಂಟಿದ್ದ ಹಿಟ್ಟು ಒಣಗಿದ್ದು ಬೋರ್ಡಿನ ಮುಂದೆ ಸೀಮೆಸುಣ್ಣ ಹಿಡಿದಾಗಲೇ ಕಂಡಿದ್ದು. ಹಿತ್ತಿಲಲ್ಲಿ ಪಟ್ಟಲಮ್ಮ ಹಿಪ್ಪುನೇರಳೆ ಕಡ್ಡಿ, ತೆಂಗಿನ ಗರಿ ಉರಿಸುತ್ತಿದ್ದಳು. ಜೂನ್ ಮಳೆಗೆ ಸೌದೆ ನೆನೆದು ಬರೀ ಹೊಗೆ. ಅರವತ್ತನಾಲ್ಕರ ಹೆಂಗಸು ಊದುಗೊಳವೆ ಬಾಯಿಗಿಟ್ಟುಕೊಂಡು ಕೆಮ್ಮುತ್ತಿದ್ದರೆ, ಗೋಡೆಯ ಈಚೆ ಗ್ಯಾಸ್ ಒಲೆಯ ಮೇಲೆ ಸೊಸೆಯ ಕುಕ್ಕರು ಕೂಗುತ್ತಿತ್ತು. ಗಂಡಸರಿಬ್ಬರಿಗೂ ಹೊತ್ತಿಗೆ ಸರಿಯಾಗಿ ತಟ್ಟೆ ಸಿಗುತ್ತಿತ್ತು. ಒಲೆ ಬೇರೆಯಾದದ್ದು ಅವರ ಹೊಟ್ಟೆಗೆ ಗೊತ್ತೇ ಆಗಲಿಲ್ಲ.

ಹೊಗೆ ಕಂಡ ಮೇಲೆ ಊರು ಕಾರಣ ಕೇಳಬೇಕಲ್ಲ. ಪಕ್ಕದ ಮನೆ ಬೆಟ್ಟಮ್ಮ ಬೇಲಿಯ ಮೇಲೆ ಕೈಯಿಟ್ಟು, ‘ಏನ್ ಪಟ್ಟಲಮ್ಮ, ಮೇಡಂ ಸೊಸೆ ಊಟ ವಗರಾಯ್ತಾ?’ ಎಂದು ಕೇಳಿದಳು. ಜಗಳವಿಲ್ಲದೆ ಒಲೆ ಬೇರೆಯಾಯಿತು ಎಂದರೆ ನಂಬುವವರು ಯಾರು? ಪಟ್ಟಲಮ್ಮ ಜಗಳವನ್ನೂ ಹುಟ್ಟಿಸಬೇಕಾಯಿತು. ಸೊಸೆ ಸಾರಿಗೆ ಉಪ್ಪೇ ಹಾಕಲ್ಲ, ಓದಿದವಳು ಅಂತ ಧಿಮಾಕು, ಬಿಸಿನೀರು ಕೇಳಿದರೆ ಮುಖ ಸಿಂಡರಿಸುತ್ತಾಳೆ ಎಂದು ಬಾಯಿಗೆ ಬಂದದ್ದು ಹೇಳಿದಳು. ಹೇಳುತ್ತಾ ಹೇಳುತ್ತಾ ಅಭ್ಯಾಸವಾಯಿತು.

ಆ ಮಾತು ನಾಲ್ಕು ದಿನದಲ್ಲಿ ಶಾಲೆಯ ಸ್ಟಾಫ್ ರೂಮಿಗೆ ಬಂತು. ಶಶಿರೇಖಾ ಸಂಜೆ ಬಂದವಳು ಬ್ಯಾಗು ಇಳಿಸದೆ ನೆಟ್ಟಗೆ ಹಿತ್ತಿಲಿಗೆ ಹೋದಳು.

‘ಹತ್ತು ವರ್ಷದಿಂದ ಉಪ್ಪಿಲ್ದೆ ಉಂಡ್ರಾ ಅತ್ತೆ?’

‘ಅಯ್ಯೋ, ನಾಟಕಕ್ಕೆ ಅಂದಿದ್ದು ಕಣಮ್ಮ.’

‘ನಾಟಕಕ್ಕೆ ನನ್ನ ಸಾರೇ ಬೇಕಿತ್ತಾ? ನಿಮ್ಮ ಮಗ ಕುಡೀತಾನೆ ಅನ್ನಿ. ಮಾವ ಬಯ್ತಾರೆ ಅನ್ನಿ. ನನ್ನನ್ನೇ ಯಾಕೆ ಬೀದಿಗೆ ಹಾಕಿದ್ರಿ?’

‘ಸೊಸೆ ಕೆಟ್ಟೋಳು ಅಂದ್ರೆ ಬಿರ್ರನೆ ನಂಬ್ತಾರೆ. ಅದಕ್ಕೆ ಅಂದೆ’ ಎಂದಳು ಪಟ್ಟಲಮ್ಮ. ಅಂದ ಮೇಲೆ ಅವಳಿಗೇ ಕೆಡುಕೆನಿಸಿತು. ಆದರೆ ಶಶಿರೇಖಾ ಅಷ್ಟರಲ್ಲಿ ಒಳಗೆ ಹೋಗಿದ್ದಳು. ಅಂದಿನಿಂದ ಗೋಡೆಯ ಆಚೆಗೆ ಒಂದು ಬಟ್ಟಲು ಸಾರು ಕೂಡ ಹೋಗಲಿಲ್ಲ. ನಾಟಕ ನಾಟಕವಾಗಿ ಉಳಿದದ್ದು ಬರೀ ಎರಡು ವಾರ.

ದೀಪಿಕಳಿಗೆ ಮಾತ್ರ ಇದಾವುದೂ ತಲೆಗೆ ಹತ್ತಲಿಲ್ಲ. ಹುಟ್ಟಿದಾಗಿನಿಂದ ಅಜ್ಜಿಯ ಕೈತುತ್ತು ತಿಂದ ಮಗು. ಶಾಲೆಯಿಂದ ಬಂದರೆ ಮೂಗು ಹಿಡಿದ ಕಡೆ ಹೋಗುತ್ತಿತ್ತು. ಸೌದೆ ಒಲೆಯ ಬಸ್ಸಾರಿನ ಘಮ ಹಿತ್ತಿಲಿಗೇ ಎಳೆಯುತ್ತಿತ್ತು. ಕೆಂಪರಾಜು ಅವಳನ್ನು ಎರಡು ಸಲ ಗದರಿದ. ಮೂರನೆಯ ಸಲ ಎದುರಿಗೆ ನಿಲ್ಲಿಸಿಕೊಂಡು ಪಾಠ ಹೇಳಿಕೊಟ್ಟ. ಯಾರಾದರೂ ಕೇಳಿದರೆ ಏನನ್ನಬೇಕು? ‘ನಾನು ಅಜ್ಜಿ ಒಲೇಲಿ ಉಣ್ಣಲ್ಲ.’ ಇನ್ನೊಂದು ಸಲ ಹೇಳು. ‘ನಾನು ಅಜ್ಜಿ ಒಲೇಲಿ ಉಣ್ಣಲ್ಲ.’ ಹೇಳಿದ ಮೇಲೆ ಮಗು, ‘ಹಂಗಂದ್ರೆ ಅಜ್ಜಿಗೆ ಬೇಜಾರಾಗಲ್ವಾಪ್ಪ?’ ಎಂದು ಕೇಳಿತು. ಕೆಂಪರಾಜು ಬೈಕಿನ ಕೀ ತೆಗೆದುಕೊಂಡು ಹೋದ.

ಮೂರನೆಯ ಭಾನುವಾರ ಹೊತ್ತು ನೆತ್ತಿಗೆ ಬರುವಾಗ ಶಿವಯ್ಯ ಬಂದ. ಜೊತೆಗೆ ಮಂಡಳಿಯ ಇನ್ನೊಬ್ಬ ಸದಸ್ಯ, ಸಭೆಯ ಪುಸ್ತಕ ಬರೆಯುವ ಶಿವಣ್ಣ. ಸುಮ್ಮನೆ ಈ ಕಡೆ ಬಂದಿದ್ದೆವು, ಮೇಷ್ಟ್ರ ಹೊಸ ಸಂಸಾರ ನೋಡಿಕೊಂಡು ಹೋಗೋಣ ಅಂತ ಎನ್ನುತ್ತಾ ಮನೆಯ ಪಕ್ಕದಿಂದ ನೇರವಾಗಿ ಹಿತ್ತಿಲಿಗೆ ನಡೆದರು. ಕೆಂಪರಾಜು ಹಿಂದೆಯೇ ಓಡಿದ. ಶೆಡ್ಡಿನಲ್ಲಿ ನಾಗಯ್ಯನ ಪಕ್ಕ ದೀಪಿಕ ಕಾಲು ಮಡಿಸಿ ಕೂತಿತ್ತು. ಮುಂದೆ ಪುಟ್ಟ ತಟ್ಟೆ, ತಟ್ಟೆಯಲ್ಲಿ ಮುರಿದ ಮುದ್ದೆ.

‘ಏನ್ ಕೂಸೇ, ಅಜ್ಜಿ ಒಲೆ ಊಟ ಜೋರಾ?’ ಎಂದ ಶಿವಯ್ಯ.

ಮಗು ಅಪ್ಪನ ಮುಖ ನೋಡಿತು. ತುತ್ತು ಇನ್ನೂ ಬಾಯಲ್ಲಿತ್ತು. ನುಂಗಲು ಹೆದರಿ, ಉಗುಳಲು ಹೆದರಿ, ಕೆನ್ನೆ ಉಬ್ಬಿಸಿಕೊಂಡೇ ಹೇಳಿತು: ‘ನಾನು ಅಜ್ಜಿ ಒಲೇಲಿ ಉಣ್ಣಲ್ಲ.’

ಶಿವಣ್ಣ ತಲೆ ಆಚೆಗೆ ತಿರುಗಿಸಿದ. ಕೆಂಪರಾಜು ಬಗ್ಗಿ ಮಗುವಿನ ಮುಂದಿದ್ದ ತಟ್ಟೆಯನ್ನು ಕಿತ್ತು ಬೇಲಿಯ ಕಡೆ ಎಸೆದ. ಮುದ್ದೆ ಬೂದಿಯಲ್ಲಿ ಉರುಳಿತು. ದೀಪಿಕ ಅಳಲಿಲ್ಲ. ಬಾಯಲ್ಲಿದ್ದುದನ್ನು ಮೆಲ್ಲಗೆ ಅಂಗೈಗೆ ತೆಗೆದು ಮುಷ್ಟಿ ಕಟ್ಟಿಕೊಂಡಿತು.

ಶಶಿರೇಖಾ ಅಡುಗೆಮನೆಯ ಕಿಟಕಿಯಿಂದ ಇದನ್ನು ನೋಡಿದಳು. ಕೈಯಲ್ಲಿ ಸೌಟಿತ್ತು.

ಶಿವಯ್ಯ ನಕ್ಕ. ಹೆಗಲ ಮೇಲಿನ ಟವಲು ಸರಿಮಾಡಿಕೊಂಡು ಮೇಷ್ಟ್ರ ಪಕ್ಕ ಕುಕ್ಕುರುಗಾಲಲ್ಲಿ ಕೂತ. ‘ನಾವೇನೂ ನೋಡ್ಲಿಲ್ಲ ಬುಡಿ ಮೇಷ್ಟ್ರೇ. ನೀವೂ ನೋಡಬ್ಯಾಡಿ. ಸ್ಕೂಲಲ್ಲಿ ಎರಡು ರೂಮು ಕಟ್ಟೋ ಕೆಲಸಕ್ಕೆ ನಮ್ಮಳಿಯ ಅರ್ಜಿ ಹಾಕವ್ನೆ. ಅವನ ಒಲೆ ಮಳವಳ್ಳೀಲದೆ, ನನ್ನ ಒಲೆ ಇಲ್ಲಿ ಅದೆ. ನೀವೇ ಬರದಿರೋ ನಿಯಮ. ನಾನು ಕೂರಬೋದಲ್ವಾ?’

ನಾಗಯ್ಯ ತಮ್ಮ ತಟ್ಟೆ ಪಕ್ಕಕ್ಕೆ ಸರಿಸಿದರು. ಬಂದವರಿಬ್ಬರೂ ನೀರು ಕುಡಿದು ಹೋದರು.

ಅದೇ ಅಳಿಯ ಎರಡು ವರ್ಷದ ಹಿಂದೆ ಆ ಶಾಲೆಯ ಹೆಣ್ಣುಮಕ್ಕಳಿಗೆ ಶೌಚಾಲಯ ಕಟ್ಟಿದ್ದ. ಮೊದಲ ಮಳೆಗೆ ಬಾಗಿಲ ಮೇಲಿನ ಸಜ್ಜೆಯ ಗಾರೆ ಉದುರಿ ಎಂಟನೆಯ ತರಗತಿಯ ಹುಡುಗಿಯ ಹೆಗಲಿಗೆ ಬಿದ್ದಿತ್ತು. ಆ ಹುಡುಗಿಯನ್ನು ಆಟೋದಲ್ಲಿ ಮಳವಳ್ಳಿ ಆಸ್ಪತ್ರೆಗೆ ಕರೆದುಕೊಂಡು ಹೋದವಳು ಶಶಿರೇಖಾ. ದಾರಿಯುದ್ದ ಅದು ಅವಳ ಸೀರೆಯ ಸೆರಗನ್ನು ಹಲ್ಲಲ್ಲಿ ಕಚ್ಚಿಕೊಂಡಿತ್ತು.

ಅವಳು ಹಿತ್ತಿಲಿಗೆ ಬಂದಳು. ಮೊದಲು ಮಗಳ ಮುಷ್ಟಿ ಬಿಡಿಸಿ, ಅಂಗೈ ತೊಳೆದು, ಬೆಟ್ಟಮ್ಮನ ಮನೆಗೆ ಆಡಲು ಕಳಿಸಿದಳು. ಆಮೇಲೆ ಗಂಡನ ಕಡೆ ತಿರುಗಿದಳು.

‘ತಟ್ಟೆ ತಗೊಂಡ್ ಬನ್ರಿ.’

‘ಏನೀಗ? ನಿನಗೋಸ್ಕರ ತಾನೆ...’

‘ಬೇಲಿ ಹತ್ರ ಬಿದ್ದದೆ. ತಗೊಂಡ್ ಬನ್ನಿ. ಮಗು ಬಾಯಿಂದ ಅನ್ನ ಕಿತ್ತು ಕೊಡೋ ಕೆಲಸ ನನಗೆ ಬ್ಯಾಡ. ನಾನು ಕೇಳಿದ್ನಾ? ಯಾವತ್ತಾದ್ರೂ ಬಾಯಿ ಬಿಟ್ಟು, ನಂಗೋಸ್ಕರ ಸುಳ್ಳು ಹೇಳಿ ಅಂದ್ನಾ?’

ಕೆಂಪರಾಜು ತಾನು ದಿನಕ್ಕೆ ಎಂಟು ಗಂಟೆ ಯಂತ್ರದ ಮುಂದೆ ನಿಲ್ಲುವುದು, ಹೆಂಡತಿಯ ಓದು ವ್ಯರ್ಥವಾಗಬಾರದು ಎಂದು ಅವರಿವರ ಬಾಗಿಲು ತಿರುಗಿದ್ದು ಎಲ್ಲ ಹೇಳಿದ. ಹೇಳುತ್ತಲೇ ಹೋಗಿ ತಟ್ಟೆ ಎತ್ತಿಕೊಂಡು ಬಂದ. ಅವಳು ಅದನ್ನು ತೊಳೆಯಲಿಲ್ಲ. ಮಾವನ ಮುಂದೆ ಇಟ್ಟಳು.

‘ಮೂವತ್ತು ವರ್ಷದ ಹಿಂದೆ ಒಲೆ ಅಂತ ಬರದ್ರಿ. ಒಲೆ ಮುಂದೆ ಕೂರೋರನ್ನ ಒಂದು ಮಾತು ಕೇಳಿದ್ರಾ ಮಾವ? ಅತ್ತೇನ ಕೇಳಿದ್ದಿದ್ರೆ ಹೇಳೋರು, ಒಲೆ ಅಂದ್ರೆ ಮೂರು ಕಲ್ಲು, ಯಾವಾಗ ಬೇಕಾದ್ರೂ ಎತ್ತಿಡಬೋದು ಅಂತ. ಕನ್ನ ಹಾಕಕಿಲ್ಲ ಅಂದ್ರಿ. ಹೊಗೆ ಕುಡಿದೋರು ಅತ್ತೆ. ಊರ ಬಾಯಿಗೆ ಬಿದ್ದೋಳು ನಾನು. ಸುಳ್ಳು ಹೇಳಿದ್ದು ಮಗು. ನೀವು ಮಾತ್ರ ಉಂಡು ಎದ್ದು ಸತ್ಯವಂತರಾಗೇ ಉಳಿದ್ರಿ.’

ಹತ್ತು ವರ್ಷದಲ್ಲಿ ಮಾವನಿಗೆ ಅವಳು ಅಷ್ಟು ಮಾತು ಆಡಿದ್ದು ಅದೇ ಮೊದಲು. ನಾಗಯ್ಯ ಬೂದಿ ಮೆತ್ತಿದ ತಟ್ಟೆಯನ್ನೇ ನೋಡುತ್ತಿದ್ದರು. ‘ಈಗೇನ್ ಮಾಡ್ಲಮ್ಮ?’ ಎಂದರು.

‘ಎದ್ದು ಆಚೆ ಬನ್ನಿ. ಮೊದಲು ಹೇಳಿದ್ರಲ್ಲ, ಹಂಗೇ. ಬರೋವಾಗ ಅಧ್ಯಕ್ಷರನ್ನೂ ಕರ್ಕೊಂಡ್ ಬನ್ನಿ.’

ಪಟ್ಟಲಮ್ಮ ಎದ್ದು ಉರಿಯುತ್ತಿದ್ದ ಕೊಳ್ಳಿಗಳನ್ನು ಹೊರಗೆಳೆದು ನೀರು ಚುಮುಕಿಸಿದಳು. ಸಾರಿನ ಪಾತ್ರೆಯನ್ನು ಸೆರಗಿನಲ್ಲಿ ಹಿಡಿದು ಒಳಗೆ ಹೋಗಿ ಗ್ಯಾಸ್ ಒಲೆಯ ಮೇಲೆ ಇಟ್ಟಳು. ‘ಉಪ್ಪು ನೋಡವ್ವ’ ಎಂದು ಕೂಗಿದಳು. ಶಶಿರೇಖಾ ಹೋಗಿ ನೋಡಿದಳು. ಕಡಿಮೆಯಿತ್ತು; ಅರ್ಧ ಚಮಚ ಹಾಕಿದಳು. ಇಬ್ಬರೂ ನಗಲಿಲ್ಲ.

ಮುಂದಿನ ಶನಿವಾರ ಸಭೆ ನಡೆಯಿತು. ನಾಗಯ್ಯ ಎದ್ದು ನಿಂತು, ಶಶಿರೇಖಾ ನನ್ನ ಸೊಸೆ, ನಮ್ಮದು ಒಂದೇ ಒಲೆ, ಮೂರು ವಾರ ನೀವು ನೋಡಿದ್ದು ಸುಳ್ಳು, ಅದರಲ್ಲಿ ನಾನೂ ಉಂಡಿದ್ದೇನೆ, ಬರೆದುಕೊಳ್ಳಿ ಎಂದರು. ಬಾಗಿಲವರೆಗೆ ಹೋಗಿ ತಿರುಗಿ ನಿಂತು ಹೇಳಿದರಂತೆ: ‘ಶಿವಯ್ಯನವರೇ, ಅಳಿಯನ ವಿಷಯ ಬಂದಾಗ ನೀವೂ ಆಚೆ ಬನ್ನಿ. ಮರದ ಕೆಳಗೆ ಇಬ್ಬರಿಗೂ ಜಾಗ ಅದೆ.’

ಬೇವಿನ ಮರದ ಕೆಳಗೆ ಒಂದು ಗಂಟೆ ಒಬ್ಬರೇ ಕೂತಿದ್ದರು. ಶಿವಯ್ಯ ಬರಲಿಲ್ಲ. ಕೊನೆಗೆ ಗುಮಾಸ್ತ ಬಂದು ತೀರ್ಮಾನ ಹೇಳಿದ. ಎರಡಕ್ಕೆರಡು ಸಮ ಬಂದು, ಅಧ್ಯಕ್ಷರ ಮಾತಿನಂತೆ ಹುದ್ದೆ ಸುನಿತಾಗೆ. ಮೇಷ್ಟ್ರನ್ನು ಒಳಗೆ ಕರೆಯದೆಯೇ ಕೊಠಡಿಯ ಕೆಲಸವನ್ನೂ ಅಳಿಯನಿಗೆ ಕೊಟ್ಟಿದ್ದರು.

ಮನೆಗೆ ಬಂದು ಮೇಷ್ಟ್ರು ಅದನ್ನು ಹೇಳಿದಾಗ ಶಶಿರೇಖಾ ದಂಟಿನ ಸೊಪ್ಪು ಬಿಡಿಸುತ್ತಿದ್ದಳು. ಕೈ ನಿಲ್ಲಲಿಲ್ಲ. ಎಲೆ ಒಂದು ಕಡೆ, ಕಡ್ಡಿ ಒಂದು ಕಡೆ. ಮುಗಿದ ಮೇಲೂ ಖಾಲಿ ಮೊರದಲ್ಲಿ ಬೆರಳಾಡಿಸುತ್ತಿದ್ದಳು.

‘ಸಂತೋಷನಾ ಈಗ?’ ಎಂದ ಕೆಂಪರಾಜು. ಯಾರಿಗೆ ಅಂದನೋ ಅವನಿಗೇ ಗೊತ್ತಿರಲಿಲ್ಲ.

‘ಸಂತೋಷ ಎಲ್ಲಿಂದ ಬರ್ಬೇಕು? ಹೊಟ್ಟೆ ಉರೀತಾ ಅದೆ’ ಎಂದಳು ಅವಳು. ಆಮೇಲೆ, ಸುನಿತಾ ಆಯ್ಕೆಗೆಂದು ಪಾಠ ಮಾಡಿ ತೋರಿಸಿದ್ದನ್ನು ವರಾಂಡದಲ್ಲಿ ನಿಂತು ಕೇಳಿದ್ದಾಗಿ ಹೇಳಿದಳು. ಚೆನ್ನಾಗಿ ಮಾಡುತ್ತಾಳೆ, ಹಿಂದಿನ ಬೆಂಚಿನ ಮಕ್ಕಳೂ ಕೈ ಎತ್ತಿದವು, ಅವಳ ಕೆಲಸ ಅವಳಿಗಿರಲಿ. ‘ಆ ರೂಮು ಮಾತ್ರ ಅವನ ಕೈಲಿ ಕಟ್ಟಿಸಬಾರ್ದು. ಇನ್ನು ನಾಲ್ಕು ವರ್ಷಕ್ಕೆ ದೀಪಿಕ ಅದರ ಕೆಳಗೆ ಕೂರ್ತಾಳೆ.’

ಕಟ್ಟಡದ ವಿಷಯಕ್ಕೆ ಸರ್ವಸದಸ್ಯರ ಸಭೆಯ ಒಪ್ಪಿಗೆ ಬೇಕಿತ್ತು. ಹದಿನೈದು ದಿನ ಬಿಟ್ಟು ಭಾನುವಾರ ಎಂದು ಊರಲ್ಲಿ ಸಾರಿದರು. ಆ ಭಾನುವಾರ ಬೆಳಿಗ್ಗೆ ಪಟ್ಟಲಮ್ಮ ತಲೆ ಬಾಚಿ, ಒಳ್ಳೆಯ ಸೀರೆ ಉಟ್ಟು, ಟ್ರಂಕಿನ ತಳದಿಂದ ಮಡಚಿ ಮಡಚಿ ಸೀಳುಬಿಟ್ಟ ಒಂದು ನೀಲಿ ರಸೀದಿ ತೆಗೆದಳು. ನಲವತ್ತು ವರ್ಷದ ಹಿಂದೆ ಅವಳು ಕೊಟ್ಟ ಒಂದು ದಿನದ ನಾಟಿ ಕೂಲಿಯದು. ಗಂಡನ ಹೆಸರಿನದಲ್ಲ, ಅವಳದೇ.

‘ನೀನೂ ಬತ್ತೀಯಾ?’ ಎಂದರು ನಾಗಯ್ಯ.

‘ನಾನೂ ಮೆಂಬರೇ ಅಲ್ವಾ? ಇಷ್ಟು ವರ್ಷ ಬರ್ಲಿಲ್ಲ, ಮೀಟಿಂಗ್ ದಿನ ನಿಂಗೆ ಬೇಯಿಸೋರಿರ್ಲಿಲ್ಲ ಅಂತ.’ ಆಮೇಲೆ ಮಗನ ಕಡೆ ತಿರುಗಿ, ‘ಇವತ್ತು ನೀನು ತೊಳಸ್ಲಾ. ಎಸರು ಕುದಿ ಬಂದ್ಮೇಲೆ ಹಿಟ್ಟು ಹಾಕು. ಗಂಟು ಬಿಟ್ರೆ ನೀನೇ ಉಣ್ಣು’ ಎಂದಳು.

ಕೆಂಪರಾಜು ಶಶಿರೇಖಾಳ ಮುಖ ನೋಡಿದ. ಅವಳು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಳು.

ಶಾಲೆಯ ಅಂಗಳದಲ್ಲಿ ಇನ್ನೂರು ಜನ ಸೇರಿದ್ದರು. ಶಿವಯ್ಯ ಅಳಿಯನ ಹೆಸರು ಓದಿ, ಎಲ್ಲ ನಿಯಮದ ಪ್ರಕಾರವೇ ನಡೆದಿದೆ, ಅವನ ಒಲೆ ಬೇರೆ ನನ್ನ ಒಲೆ ಬೇರೆ, ಒಪ್ಪಿದವರು ಕೈ ಎತ್ತಿ ಎಂದ. ಪಟ್ಟಲಮ್ಮ ಎದ್ದಳು. ಸೊಂಟದ ಮೇಲೆ ಬಿದಿರಿನ ಮಂಕರಿ ಇತ್ತು. ಹೆಂಗಸರ ಸಾಲು ದಾಟಿ ಮುಂದೆ ಹೋಗಿ, ಮಂಕರಿಯಿಂದ ಮಸಿ ಹಿಡಿದ ಮೂರು ಕಲ್ಲು ತೆಗೆದು, ಒಂದೊಂದಾಗಿ ಅಧ್ಯಕ್ಷರ ಮೇಜಿನ ಮೇಲೆ, ಬಿಳಿ ಬಟ್ಟೆಯ ಮೇಲೆ, ಒಲೆ ಹೂಡಿದಂತೆ ಇಟ್ಟಳು.

‘ಏನಮ್ಮ ಇದು?’ ಎಂದ ಶಿವಯ್ಯ.

‘ಒಲೆ. ನೀನೇ ಹೂಡಿಸಿದ್ದಲ್ಲ ನಮ್ಮನೆ ಹಿತ್ಲಲ್ಲಿ. ಇದ್ರಲ್ಲಿ ಮೂರು ವಾರ ಬೇಯ್ಸಿದೀನಿ. ಸೊಸೆ ಕೆಲ್ಸಕ್ಕೆ ಅಂತ ಊರಿಗೆಲ್ಲ ಸುಳ್ಳು ಹೇಳಿದೀನಿ, ಬೆಟ್ಟಮ್ಮ ಅಲ್ಲೇ ಕೂತವ್ಳೆ, ಕೇಳಿ. ಸಾರಿಗೆ ಉಪ್ಪು ಹಾಕಲ್ಲ ಅಂದೆನಲ್ಲೇ ಬೆಟ್ಟಮ್ಮ, ಅದು ಸುಳ್ಳು. ಬಾಯಿಗೆ ಹುಳ ಬೀಳ್ಬೇಕು ನಂಗೆ.’ ಉಸಿರು ತೆಗೆದುಕೊಂಡಳು. ಕೆಮ್ಮು ಬಂತು, ಕೆಮ್ಮಿ ಮುಗಿಸಿದಳು. ‘ನಾನು ಓದಿಲ್ಲ. ಆದ್ರೆ ನಲವತ್ತೈದು ವರ್ಷ ಒಲೆ ಮುಂದೆ ಕೂತಿವ್ನಿ. ಒಲೆ ಬೇರೆ ಆದ್ರೆ ಕರುಳು ಬೇರೆ ಆಗಾಕಿಲ್ಲ. ನಿನ್ನ ಮಗ್ಳು ಗಂಡ ನಿನಗೆ ಬೇರೆಯಾ? ಹಬ್ಬಕ್ಕೆ ಅವ್ನ ಎಲೆಗೆ ಮೊದ್ಲು ಬಡಿಸ್ತೀಯಲ್ಲಪ್ಪ. ಅವ್ನು ಕಟ್ಟಿದ್ದು ಹೆಣ್ಮಗು ಹೆಗ್ಲ ಮೇಲೆ ಬಿತ್ತಲ್ಲ, ಅವತ್ತು ಯಾವ ಒಲೆ ನೋಡಿದ್ದೆ?’

ಆ ಹುಡುಗಿಯ ತಾಯಿ ಹಿಂದಿನ ಸಾಲಿನಲ್ಲಿದ್ದಳು. ಅವಳು ಎದ್ದು ನಿಂತಳು. ಆಮೇಲೆ ಪಕ್ಕದವಳು, ಅವಳ ಪಕ್ಕದವಳು. ಗಂಡಸರ ಕಡೆ ಗಲಾಟೆ ಶುರುವಾಯಿತು. ಶಿವಯ್ಯನ ಕಡೆಯವರು ಮೈಕಿನ ತಂತಿ ಕಿತ್ತರು. ಯಾರೋ ಕುರ್ಚಿ ಎತ್ತಿದರು. ಅದರ ನಡುವೆ ಶಿವಣ್ಣ, ಅವತ್ತು ಹಿತ್ತಿಲಲ್ಲಿ ತಲೆ ತಿರುಗಿಸಿದ್ದವನು, ಕಟ್ಟಡದ ಕೆಲಸ ಸದ್ಯಕ್ಕೆ ಯಾರಿಗೂ ಇಲ್ಲ ಎಂದು ಪುಸ್ತಕದಲ್ಲಿ ಬರೆದು ರುಜು ಹಾಕಿದ. ನಾಗಯ್ಯ ಹಳೆಯ ನಿಯಮದಲ್ಲಿ ‘ಒಲೆ’ ಎಂದಿದ್ದುದನ್ನು ಹೊಡೆದು, ‘ರಕ್ತಸಂಬಂಧ, ಕೊಟ್ಟು ತಂದ ಸಂಬಂಧ’ ಎಂದು ಬರೆದು ಓದಿದರು. ಸಭೆಯಲ್ಲಿ ಕುರ್ಚಿಗಳೇ ಉಳಿಯುತ್ತವೆ ಎಂದು ಯಾರೋ ಕೂಗಿದರು. ‘ಉಳೀಲಿ’ ಎಂದರು ಮೇಷ್ಟ್ರು. ಅರ್ಧ ಕೈ ಎದ್ದವು, ಅರ್ಧ ಏಳಲಿಲ್ಲ. ತೀರ್ಮಾನ ಮುಂದಿನ ತಿಂಗಳಿಗೆ ಹೋಯಿತು.

ಮೂವರೂ ಮನೆಗೆ ಬಂದಾಗ ಎರಡು ಗಂಟೆ. ಅಡುಗೆಮನೆಯಲ್ಲಿ ಕೆಂಪರಾಜು ಬೆವೆತು ನಿಂತಿದ್ದ, ಮೊಣಕೈವರೆಗೆ ಹಿಟ್ಟು. ಮುದ್ದೆ ಕಟ್ಟಿದ್ದ, ಒಂದೊಂದೂ ಒಂದೊಂದು ಆಕಾರ. ಅಷ್ಟೂ ಜನ ಒಂದೇ ಸಾಲಿನಲ್ಲಿ ಕೂತರು. ಅವನೇ ಬಡಿಸಿದ. ದೀಪಿಕಳ ತಟ್ಟೆಗೆ ಇಡುವಾಗ ಒಂದು ಕ್ಷಣ ಬಗ್ಗಿಯೇ ನಿಂತ. ‘ಉಣ್ಣು ಮಗ’ ಎಂದ. ಮಗು ಅಪ್ಪನ ಮುಖ ನೋಡಿ, ಆಮೇಲೆ ಅಮ್ಮನ ಮುಖ ನೋಡಿ, ಮುದ್ದೆ ಮುರಿಯಿತು.

‘ಗಂಟದೆ’ ಎಂದಿತು.

‘ನುಂಗು’ ಎಂದಳು ಶಶಿರೇಖಾ. ನಾಳೆಯಿಂದ ಅವಳು ಏಳೂವರೆಯ ಬಸ್ಸಿಗೆ ಮದ್ದೂರಿಗೆ ಹೋಗಬೇಕಿತ್ತು. ಅಲ್ಲಿನ ಒಂದು ಖಾಸಗಿ ಶಾಲೆಯಲ್ಲಿ ಮತ್ತೆ ಅರೆಕಾಲಿಕ. ಏಳು ವರ್ಷದ ಅವಳ ನೋಟ್ಸು, ಪಾಠದ ಚಾರ್ಟುಗಳು ಬಾಗಿಲ ಹಿಂದೆ ರಟ್ಟಿನ ಡಬ್ಬದಲ್ಲಿದ್ದವು, ಇನ್ನೂ ಬಿಚ್ಚಿರಲಿಲ್ಲ.

ಊಟ ಮುಗಿದ ಮೇಲೆ ದೀಪಿಕ ಕೈತೊಳೆಯಲು ಹಿತ್ತಿಲಿಗೆ ಹೋಗಿ ಬಚ್ಚಲು, ಶೆಡ್ಡು ಎರಡೂ ಕಡೆ ಇಣುಕಿ ಬಂತು. ನೀರು ಕಾಯಿಸುವ ಒಲೆಯ ಕಲ್ಲು ಎಲ್ಲಿ ಹೋದವು ಎಂದು ಕೇಳಿತು.

‘ಸ್ಕೂಲಲ್ಲಿ ಅಧ್ಯಕ್ಷರ ಮೇಜಿನ ಮೇಲವೆ’ ಎಂದಳು ಪಟ್ಟಲಮ್ಮ, ತಟ್ಟೆಗಳನ್ನು ಒಂದರ ಮೇಲೊಂದು ಇಡುತ್ತ. ‘ತಣ್ಣಗಾದ್ಮೇಲೆ ತತ್ತೀನಿ.’